ಲಘು ವಿಮಾನದ ಎಂಜಿನಿನಲ್ಲಿ ಶೀತಕದ್ರವದ ನಷ್ಟ

ಬೆಂಗಳೂರಿನಲ್ಲಿ ರೂಪುಗೊಂಡ ಹಂಸ-3 ವಿಮಾನದ ರೋಟಾಕ್ಸ್ 914 ಎಂಜಿನಿನಲ್ಲಿ ಸಿಲಿಂಡರುಗಳ ಒಡಲು ಗಾಳಿಯಿಂದಲೂ, ತಲೆಭಾಗವು ದ್ರವದಿಂದಲೂ ತಂಪುಗೊಳ್ಳುತ್ತವೆ. ಸಾಮಾನ್ಯವಾಗಿ ಬಳಸುವ ದ್ರವವು ನೀರು ಮತ್ತು ಗ್ಲೈಕಾಲ್‌ಗಳ ಮಿಶ್ರಣ. ಅದು ಕುದಿಯದಂತೆ ತಡೆಯುವುದರಲ್ಲಿ ಒತ್ತಡದ ಪಾತ್ರ ಹಿರಿದು. ಸಮುದ್ರಮಟ್ಟದಲ್ಲಿ ಮುಚ್ಚಳವು 1.2 ಬಾರ್ ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟರೆ ಬರಿಯ ನೀರು ಕೂಡ ಸುಮಾರು 123 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಒತ್ತಡ ಸೋರಿಹೋದರೆ 10,000 ಅಡಿ ಎತ್ತರದಲ್ಲಿ ಅದೇ ನೀರು ಸುಮಾರು 90 ಡಿಗ್ರಿಯಲ್ಲಿಯೇ ಕುದಿಯತೊಡಗುವುದು. ಆದುದರಿಂದ ಉಷ್ಣತೆ ಏರಿದೊಡನೆ ರೇಡಿಯೇಟರನ್ನೇ ದೂಷಿಸುವುದು ಸಲ್ಲದು. ಮುಚ್ಚಳದ ಸವೆದ ರಬ್ಬರ್ ವಾಷರ್ ಕಾರಣವಾಗಿರಬಹುದು.

ಪರೀಕ್ಷೆಯನ್ನು ಎಂಜಿನು ಪೂರ್ತಿ ತಣಿದ ಮೇಲೆಯೇ ನಡೆಸತಕ್ಕದ್ದು. ಹೊರಗಿನ ಸೀಸೆ ತುಂಬಿದ್ದು ಮೇಲಿನ ತೊಟ್ಟಿ ಬರಿದಾಗಿದ್ದರೆ, ತಣಿಯುವಾಗ ದ್ರವವನ್ನು ಮರಳಿ ಒಳಬಿಡುವ ಕವಾಟವನ್ನು ಶಂಕಿಸಬೇಕು. ಎರಡರಲ್ಲಿಯೂ ದ್ರವ ತಗ್ಗಿದ್ದರೆ ಕೊಳವೆಯ ಬಿಗಿಪಟ್ಟಿಗಳ ಬಳಿ ಒಣಗಿದ ಕಲೆಗಳನ್ನೂ ಪಂಪಿನ ಅಡಿಯಲ್ಲಿ ಹನಿಗಳನ್ನೂ ಹುಡುಕಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಮಾಪಕದ ವಿಷಯ. ದ್ರವದ ಉಷ್ಣತೆಯನ್ನು ಅಳೆಯುವ ಸಂವೇದಕವು ದ್ರವದಲ್ಲಿ ಮುಳುಗಿರುವವರೆಗೆ ಮಾತ್ರ ನಂಬಿಕೆಗೆ ಅರ್ಹ. ದ್ರವ ಬರಿದಾದ ಮೇಲೆ ಅದರ ಸುತ್ತ ಆವಿಯಷ್ಟೇ ಉಳಿಯುವುದರಿಂದ, ತಲೆಭಾಗವು ಅತಿಯಾಗಿ ಬಿಸಿಯೇರುತ್ತಿರುವಾಗಲೂ ಮುಳ್ಳು ಕೆಳಗಿಳಿದೀತು! ಹಾರಾಟದಲ್ಲಿ ಹೀಗಾದರೆ ಚಾಲಕನು ಎಣ್ಣೆಯ ಉಷ್ಣತೆಯನ್ನೂ ಗಮನಿಸಿ, ಎಂಜಿನಿನ ಶಕ್ತಿಯನ್ನು ತಗ್ಗಿಸಿ, ಸಮೀಪದ ನಿಲ್ದಾಣದಲ್ಲಿ ಇಳಿಯತಕ್ಕದ್ದು.