ಕುದುರೆಗೂ ತಾಳ, ಸವಾರನಿಗೂ ತಯಾರಿ

ಕ್ಲಿನಿಕ್ ಎಂದರೆ ನಮಗೆ ನೆನಪಾಗುವುದು ಡಾಕ್ಟರು, ಚೀಟಿ, ಸೂಜಿ. ಕುದುರೆ ಸವಾರರಲ್ಲಿ ಆ ಪದದ ಅರ್ಥವೇ ಬೇರೆ. ಅನುಭವಿ ತರಬೇತುದಾರರೊಬ್ಬರು ಬೇರೆ ಊರಿನಿಂದ ಬಂದು, ಒಂದೆರಡು ದಿನ ಇದ್ದು, ಒಬ್ಬೊಬ್ಬ ಸವಾರನಿಗೂ ಸುಮಾರು 45 ನಿಮಿಷ ಪಾಠ ಹೇಳುತ್ತಾರೆ. ಉಳಿದವರು ಬೇಲಿಯ ಪಕ್ಕ ಕೂತು ನೋಡಿ ಕಲಿಯುತ್ತಾರೆ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತ, ವಾರದಲ್ಲಿ ಮೂರು ದಿನ ಬೆಳಿಗ್ಗೆ ಸವಾರಿ ಕಲಿಯುತ್ತಿರುವ ನನಗೆ ಈಗ 38 ವರ್ಷ. ಮುಂದಿನ ಭಾನುವಾರ ನನ್ನ ಮೊದಲ ಡ್ರೆಸಾಜ್ ಕ್ಲಿನಿಕ್.

ಡ್ರೆಸಾಜ್ ಫ್ರೆಂಚ್ ಪದ. ತರಬೇತಿ ಎಂದು ಅರ್ಥ. ಇಲ್ಲಿ ಬೇಲಿ ಜಿಗಿಯುವುದಿಲ್ಲ, ರೇಸ್ ಓಡುವುದಿಲ್ಲ. ಹೇಳಿದ ಜಾಗದಲ್ಲಿ ತಿರುಗಬೇಕು, ಹೇಳಿದ ಜಾಗದಲ್ಲಿ ನಿಲ್ಲಬೇಕು, ನಡಿಗೆಯ ಲಯ ಕೆಡಬಾರದು. ನೋಡುವವರಿಗೆ ಸವಾರ ಸುಮ್ಮನೆ ಕೂತಂತೆ ಕಾಣಬೇಕು. ಕಷ್ಟ ಇರುವುದು ಅಲ್ಲೇ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಅವರ ತಂಡ ಡ್ರೆಸಾಜ್‌ನಲ್ಲಿ ಚಿನ್ನ ಗೆದ್ದಿತು. ಏಷ್ಯನ್ ಗೇಮ್ಸ್ ಕುದುರೆ ಸವಾರಿಯಲ್ಲಿ 41 ವರ್ಷಗಳ ನಂತರ ಭಾರತಕ್ಕೆ ಬಂದ ಚಿನ್ನ ಅದು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರಲ್ಲಿ ಜಕಾರ್ತಾದಲ್ಲಿ ಬೆಳ್ಳಿ ಗೆದ್ದ ಈವೆಂಟಿಂಗ್ ಸ್ಪರ್ಧೆಯ ಮೊದಲ ಹಂತವೂ ಡ್ರೆಸಾಜೇ.

ನಾನು ಅವರ ಸಾಲಿನವನಲ್ಲ. ನನ್ನ ಮುಂದಿರುವ ಪ್ರಶ್ನೆ ಚಿಕ್ಕದು: ಆ 45 ನಿಮಿಷಕ್ಕೆ ಹೇಗೆ ತಯಾರಾಗಬೇಕು?

ಹೊಸ ಪಟ್ಟು ಕಲಿತು ಹೋಗಬೇಕೆಂದು ಅನೇಕರು ಅಂದುಕೊಳ್ಳುತ್ತಾರೆ. ನಮ್ಮ ಕೋಚ್ ಹೇಳಿದ್ದು ತದ್ವಿರುದ್ಧ: "ಇರುವ ನಾಲ್ಕನ್ನೇ ಚೊಕ್ಕ ಮಾಡಿ." ಅಕ್ಷರ ಹುಡುಕುವುದರಲ್ಲೇ 20 ನಿಮಿಷ ಕಳೆದರೆ ಬಂದ ಗುರುವಿಗೆ ತಿದ್ದಲು ಉಳಿಯುವುದೇನು?

ಹೌದು, ಅಕ್ಷರ. ಚಿಕ್ಕ ಅಂಕಣ 20 ಮೀಟರ್ ಅಗಲ, 40 ಮೀಟರ್ ಉದ್ದ. ಅಂಚಿನಲ್ಲಿ ಬಲಸುತ್ತಾಗಿ ಹೋದರೆ ಎ, ಕೆ, ಇ, ಹೆಚ್, ಸಿ, ಎಂ, ಬಿ, ಎಫ್ ಎಂಬ ಫಲಕಗಳು. ನಟ್ಟನಡುವೆ ಕಣ್ಣಿಗೆ ಕಾಣದ ಎಕ್ಸ್. ಇದನ್ನು ನೆನಪಿಡಲು ನಾನು ಮಾಡಿಕೊಂಡ ಧಾರವಾಡದ ಸೂತ್ರ: "ಅವ್ವ ಕೊಟ್ಟ ಎಳ್ಳಿನ ಹೋಳಿಗಿ ಚಪ್ಪರಿಸಿ ಮೆದ್ದು ಬ್ಯಾಗ ಫಿನಿಶ್!" ಎ ಹತ್ತಿರ ಶುರುವಾಗುವ 20 ಮೀಟರ್ ವೃತ್ತ ಎಕ್ಸ್ ಮೂಲಕ ಹಾದು ಬರುತ್ತದೆ. ಉದ್ದದ ಬದಿಯನ್ನು ಅದು ಮುಟ್ಟುವುದು ಕೆ ಫಲಕದಲ್ಲಲ್ಲ, ಅಲ್ಲಿಂದ 4 ಮೀಟರ್ ಮುಂದೆ. ಇದನ್ನು ಕಾಗದದ ಮೇಲೆ ಬರೆದು, ಆಮೇಲೆ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ನಡೆದು ನೋಡಿದೆ. ವಾಚ್‌ಮನ್ ಏನೂ ಕೇಳಲಿಲ್ಲ.

ಎರಡನೆಯದು ಲಯ. ಕುದುರೆಯ ನಡಿಗೆಗೆ ನಾಲ್ಕು ಹೆಜ್ಜೆಸದ್ದು, ಟ್ರಾಟ್‌ಗೆ ಎರಡು, ಕ್ಯಾಂಟರ್‌ಗೆ ಮೂರು. ಸಂಗೀತ ಕೇಳಿದವರಿಗೆ ಸುಲಭ: ತಕಧಿಮಿ, ತಕ, ತಕಿಟ. ಡ್ರೆಸಾಜ್ ತರಬೇತಿಯ ಆರು ಮೆಟ್ಟಿಲುಗಳಲ್ಲಿ ಮೊದಲನೆಯದೇ ಲಯ. ಟ್ರಾಟ್‌ನಲ್ಲಿ ನಾನು ಬಾಯಲ್ಲೇ "ತಕ, ತಕ" ಹೇಳಿಕೊಳ್ಳುತ್ತೇನೆ. ಉಸಿರು ಬಿಗಿಹಿಡಿದರೆ ಬೋಲು ನಿಲ್ಲುತ್ತದೆ, ಕುದುರೆಯ ಬೆನ್ನೂ ಬಿಗಿಯುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಕುದುರೆಯೇ. ನಾನು ಹತ್ತುವ ಕುದುರೆ ನನ್ನದಲ್ಲ, ಶಾಲೆಯದು. 16 ವರ್ಷದ ನಿವೃತ್ತ ರೇಸ್ ಕುದುರೆ. ನಮ್ಮ ದೇಶದ ಅನೇಕ ಸವಾರಿ ಶಾಲೆಗಳಲ್ಲಿ ಇಂಥವೇ ಇವೆ. ಲಗಾಮು ಬಿಗಿಯಾದರೆ ಕಡಿವಾಣಕ್ಕೆ ಒರಗಿ ಇನ್ನೂ ಜೋರಾಗಿ ಓಡುವುದು ರೇಸಿನಲ್ಲಿ ಬಂದ ರೂಢಿ. ಹಾಗಾಗಿ ಎಳೆದಷ್ಟೂ ಅವನು ಓಡುತ್ತಾನೆ; ಸವಾರ ಉಸಿರು ಬಿಟ್ಟು, ಬೆನ್ನು ನೆಟ್ಟಗಿಟ್ಟು, ಬೆರಳು ಮೆತ್ತಗೆ ಮಾಡಿದರೆ ನಿಲ್ಲುತ್ತಾನೆ. ಕ್ಲಿನಿಕ್‌ಗೆ ಚುರುಕಾದ ಬೇರೆ ಕುದುರೆ ಕೊಡುತ್ತೇವೆ ಎಂದರು. ನಾನು ಇವನೇ ಸಾಕು ಎಂದೆ.

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇಕಡಾ 20 ದಾಟಬಾರದು ಎಂಬುದು ಸವಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಅವನು 450 ಕೆಜಿ. ನಾನು 82, ಜೀನು 8. ಸರಿಯಾಗಿ ಗೆರೆಯ ಮೇಲೆ! ಡಾಕ್ಟರು ಹೇಳಿದಾಗ ಇಳಿಯದ ತೂಕ ಈ ಲೆಕ್ಕಕ್ಕೆ ಮೂರು ಕೆಜಿ ಇಳಿದಿದೆ. ವಯಸ್ಸಾದ ಕುದುರೆ ಇನ್ನೆಷ್ಟು ವರ್ಷ ನೋವಿಲ್ಲದೆ ಕೆಲಸ ಮಾಡುತ್ತದೆ ಎನ್ನುವುದು ನಮ್ಮಂಥವರು ಅದರ ಬೆನ್ನ ಮೇಲೆ ಹೇಗೆ ಕೂರುತ್ತೇವೆ ಎಂಬುದರ ಮೇಲೂ ಇದೆ. ಕಲಿಯುವ ಖುಷಿ ನಮ್ಮದು, ಭಾರ ಅದರದು.

ಇನ್ನುಳಿದವು ಸಣ್ಣ ಕೆಲಸಗಳು. ಲಾಳದ ಕೆಲಸ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ವಾರ ಮೊದಲೇ ಮುಗಿಸಬೇಕು. ಹೊಸ ಬೂಟು, ಹೊಸ ಜೀನು ಆ ದಿನ ಬೇಡ. ಹಿಂದಿನ ದಿನ ಹಗುರ ಕೆಲಸ. ಹೆಲ್ಮೆಟ್ ಸರಿಯಾಗಿ ಕೂರುತ್ತದೆಯೇ ನೋಡಬೇಕು. ಒಂದು ಚೀಟಿಯಲ್ಲಿ ಕುದುರೆಯ ವಯಸ್ಸು, ಹಿನ್ನೆಲೆ, ಅದು ಬಿಗಿಯಾಗುವ ಬದಿ, ನಮ್ಮ ಹಳೇ ನೋವು ಮತ್ತು ಕೇಳಬೇಕಾದ ಒಂದೇ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಬೇಕು. ನನ್ನ ಪ್ರಶ್ನೆ: ದಿನವಿಡೀ ಮೌಸ್ ಹಿಡಿದು ಮುಂದಕ್ಕೆ ಬಾಗಿದ ಬಲಭುಜ ಅವನ ಬಲತಿರುವನ್ನು ಹೇಗೆ ತಡೆಯುತ್ತಿದೆ?

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಈ ವಯಸ್ಸಿನ್ಯಾಗ ಬಿದ್ದ್ರ ಎಲುವು ಲಗೂನ ಕೂಡತಾವೇನೋ?" ಎಂದಳು. ಸ್ವಲ್ಪ ತಡೆದು, "ಆ ಕುದರಿಗೆ ಏನ್ ತಿನಸ್ತೀರಿ?" ಎಂದೂ ಕೇಳಿದಳು.

ಭಾನುವಾರ ಬೆಳಿಗ್ಗೆ ಅವನು ಸ್ವಲ್ಪ ಕುಂಟಿದರೂ ನಾನು ಹತ್ತುವುದಿಲ್ಲ. ಕಟ್ಟಿದ ಹಣ ಹೋದರೆ ಹೋಗಲಿ, ಬೇಲಿಯ ಪಕ್ಕ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಈ ತೀರ್ಮಾನವನ್ನು ಇವತ್ತೇ ಮಾಡಿಟ್ಟಿದ್ದೇನೆ. ಅಂದು ಬೆಳಿಗ್ಗೆ ಆಸೆ ಬೇರೆ ಮಾತು ಹೇಳಬಹುದು. ನಿಮ್ಮ ಊರಿನಲ್ಲೂ ಇಂಥ ಕ್ಲಿನಿಕ್ ನಡೆದರೆ, ಕುದುರೆ ಹತ್ತದವರೂ ಒಮ್ಮೆ ಹೋಗಿ ಬೇಲಿಯ ಪಕ್ಕ ಕೂತು ನೋಡಿ. ಬೆಳಿಗ್ಗೆ ಬೇಗ ಹೋಗಿ, ಟೋಪಿ ಮರೆಯಬೇಡಿ.