ಅಟ್ಟದ ಮೇಲಿನ ಗಂಟಿನಲ್ಲಿ ಊರಿನ ಚರಿತ್ರೆ

ಊರಿನ ಚರಿತ್ರೆ ಎಂದೊಡನೆ ಎಲ್ಲರೂ ಗುಡಿಯ ಮುಂದಿನ ಶಾಸನದ ಕಲ್ಲನ್ನು ಹುಡುಕುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಹಳ್ಳಿಯಲ್ಲಿ ಒಂದು ಸರ್ವೆ ನಂಬರು ಹಿಡಿದು ಹೊರಟರೂ ಸಾಕು, ನೂರೈವತ್ತು ವರ್ಷ ಹಿಂದಕ್ಕೆ ಹೋಗಬಹುದು.

ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಈ ಭಾಗ ಧಾರವಾಡ ಜಿಲ್ಲೆ. 1956ರವರೆಗೆ ಮುಂಬಯಿ ಆಡಳಿತ. ಹಾಗಾಗಿ ಇಲ್ಲಿನ ದಫ್ತರದ ನಂಟು ಮೈಸೂರಿಗಿಂತ ಪುಣೆ, ಮುಂಬಯಿಗಳ ಜೊತೆಗೇ ಹೆಚ್ಚು. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಸರ್ವೆಯವರು ಧಾರವಾಡ ಜಿಲ್ಲೆಯ ಹೊಲಗಳನ್ನು ಅಳೆದರು. ಮಣ್ಣಿನ ಬಣ್ಣ, ಆಳ ನೋಡಿ ಆಣೆ ಲೆಕ್ಕದಲ್ಲಿ ದರ್ಜೆ ಕಟ್ಟಿದರು. 16 ಆಣೆಯೆಂದರೆ ಉತ್ತಮ ಭೂಮಿ. ಹೊಲದ ವಿಸ್ತೀರ್ಣ, ಕಂದಾಯ ಆಕಾರಬಂದಿನಲ್ಲಿವೆ.

ಸರಕಾರಿ ಕಪಾಟಿನಲ್ಲಿ ಸಿಗದ ಸಂಗತಿಗಳು ಹಳೆಯ ಕುಲಕರ್ಣಿ ಮನೆಗಳ ಅಟ್ಟದಲ್ಲಿ ಸಿಗುತ್ತವೆ. ಮುಂಬಯಿ ಸರಕಾರ 1950ರಲ್ಲಿ ಕಾನೂನು ತಂದು ಕುಲಕರ್ಣಿ ವತನ ರದ್ದು ಮಾಡಿತು. ಹುದ್ದೆ ಹೋದರೂ ಎಷ್ಟೋ ಮನೆಗಳಲ್ಲಿ ಕೆಂಪು ಬಟ್ಟೆಯ ಗಂಟು ಉಳಿಯಿತು: ಇನಾಮಿನ ಸನದು, ಅಡವು ಪತ್ರ, ತಗಾವಿ ಸಾಲದ ಚೀಟಿ. ತೊಡಕೆಂದರೆ ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡ ಈ ಬರಹ ಓದಬಲ್ಲವರು ಈಗ ವಿರಳ. ಹಳೆ ಮನೆ ಕೆಡವುವ ದಿನ ಗಂಟು ರದ್ದಿಯವನ ತಕ್ಕಡಿಗೆ ಹೋದರೆ, ಯಾವ ಕೆರೆಗೆ ಯಾರು ಭೂಮಿ ಬಿಟ್ಟರೆಂಬ ಸಾಕ್ಷಿಯೂ ಅದರೊಂದಿಗೇ ಹೋಯಿತು.

ದಾಖಲೆಯೆಲ್ಲ ಸತ್ಯವೆಂದೂ ಅಲ್ಲ. ಹಳ್ಳಿ ಶಾಲೆಯ ಹಾಜರಿಯಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿರುತ್ತದೆ! ಅದು ಗುರುಗಳು ಅಂದಾಜಿನಲ್ಲಿ ಬರೆದ ತಾರೀಕು. ಆಸ್ತಿ ಪತ್ರದಲ್ಲಿ ಹೆಣ್ಣುಮಕ್ಕಳ ಹೆಸರೇ ಅಪರೂಪ. ಅವರನ್ನು ಹುಡುಕುವವರು ಮದುವೆಯ ಮುಯ್ಯಿ ಪಟ್ಟಿಯನ್ನೂ ಬಿಚ್ಚಿ ನೋಡಬೇಕು.