ಗೊಂಬೆ ಜೊತೆ ಆಡುವ ಹುಡುಗಿಗೆ ಎಂಜಿನಿಯರಿಂಗ್ ಒಗ್ಗುವುದಿಲ್ಲವೇ? ಸತ್ಯ ಇಲ್ಲಿದೆ

“ಹುಡುಗಿಯರ ಮಿದುಳು ಲೆಕ್ಕಕ್ಕೂ ಯಂತ್ರಕ್ಕೂ ಹೇಳಿದ್ದಲ್ಲ, ಅದಕ್ಕೇ ಅವರು ಗೊಂಬೆ ಆರಿಸುತ್ತಾರೆ” ಎನ್ನುವ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ಇದು ನಿಜವೇ ಎಂದು ನಾವು ಪರಿಶೀಲಿಸಿದೆವು.

ಹುಟ್ಟಿನಿಂದಲೇ ಬರುವ ಭಾವನೆಯೇ?

ಅಲ್ಲ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನು ತೋರಿಸಿದೆ. “ತುಂಬಾ ತುಂಬಾ ಬುದ್ಧಿವಂತರು” ಯಾರು ಎಂದು ಕೇಳಿದಾಗ 5 ವರ್ಷದ ಹುಡುಗಿಯರು ಹುಡುಗರಷ್ಟೇ ಸಲೀಸಾಗಿ ತಮ್ಮವರನ್ನೇ ತೋರಿಸಿದರು. 6-7 ವರ್ಷದ ಹುಡುಗಿಯರಲ್ಲಿ ಆ ನಂಬಿಕೆ ಕುಗ್ಗಿತ್ತು. “ಬುದ್ಧಿವಂತರ ಆಟ” ಎಂದರೆ ಅವರಿಗೆ ಆಸಕ್ತಿಯೂ ಕಡಿಮೆ. ಅಂದರೆ, ಒಂದನೇ ತರಗತಿಯ ಹೊತ್ತಿಗೇ ಮಕ್ಕಳು ನಮ್ಮ ಮಾತುಗಳನ್ನು ಹೀರಿಕೊಂಡಿರುತ್ತಾರೆ.

ಆಟಿಕೆಗಳೂ ಮಾತಾಡುತ್ತವೆ. 1992ರಲ್ಲಿ ಬಂದ ಮಾತನಾಡುವ ಬಾರ್ಬಿ ಗೊಂಬೆಗಳಲ್ಲಿ ಕೆಲವು “ಗಣಿತದ ಕ್ಲಾಸ್ ಕಷ್ಟ” ಎನ್ನುತ್ತಿದ್ದವು! ಟೀಕೆ ಬಂದ ಮೇಲೆ ಮ್ಯಾಟೆಲ್ ಕಂಪನಿ ಆ ಸಾಲನ್ನು ತೆಗೆಯಿತು.

ಹಾಗಾದರೆ ಡಾಕ್ಟರ್ ಬಾರ್ಬಿ ಕೊಡಿಸಿದರೆ ಸಾಕೇ?

ಸಾಲದು. 2014ರ ಒಂದು ಅಧ್ಯಯನದಲ್ಲಿ 4-7 ವರ್ಷದ 37 ಹುಡುಗಿಯರು ಐದು ನಿಮಿಷ ಆಡಿದರು. ಕೆಲವರಿಗೆ ಬಾರ್ಬಿ, ಉಳಿದವರಿಗೆ ಆಲೂಗಡ್ಡೆ ಆಕಾರದ ಗೊಂಬೆ. ಬಾರ್ಬಿ ಜೊತೆ ಆಡಿದವರು “ಹುಡುಗರು ಮಾಡಬಲ್ಲಷ್ಟು ಕೆಲಸ ನಮ್ಮಿಂದಾಗದು” ಎಂಬ ಅರ್ಥದ ಉತ್ತರಗಳನ್ನು ಹೆಚ್ಚು ಕೊಟ್ಟರು. ಬಾರ್ಬಿಗೆ ಡಾಕ್ಟರ್ ಕೋಟು ತೊಡಿಸಿದರೂ ಫಲಿತಾಂಶ ಬದಲಾಗಲಿಲ್ಲ. ಇದು ಸಣ್ಣ ಅಧ್ಯಯನ, ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ಗೊಂಬೆಯಾಟವೇ ಕೆಟ್ಟದ್ದು ಎಂದೂ ಅರ್ಥವಲ್ಲ.

ಯಾವ ಆಟದಿಂದ ಉಪಯೋಗ?

ಜೋಡಿಸುವ, ಬಿಚ್ಚುವ, ತಿರುಗಿಸಿ ನೋಡುವ ಆಟಗಳಿಂದ. ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಸಾಮರ್ಥ್ಯ ಎಂಜಿನಿಯರಿಂಗ್‌ಗೆ ಬೇಕು. ಅಭ್ಯಾಸದಿಂದ ಅದು ಬೆಳೆಯುತ್ತದೆ ಎಂಬುದನ್ನು 2013ರಲ್ಲಿ 217 ಅಧ್ಯಯನಗಳನ್ನು ಒಟ್ಟಾಗಿ ನೋಡಿದ ವಿಶ್ಲೇಷಣೆ ದೃಢಪಡಿಸಿದೆ.

ಷಿಕಾಗೊದ ಸಂಶೋಧಕರು ಪುಟ್ಟ ಮಕ್ಕಳು ಮನೆಯಲ್ಲಿ ಪಝಲ್ ಆಡುವುದನ್ನು ಗಮನಿಸಿದರು. ಪಝಲ್ ಆಡಿದ ಮಕ್ಕಳು ನಾಲ್ಕೂವರೆ ವರ್ಷದಲ್ಲಿ ಇಂಥ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಗಂಡುಮಕ್ಕಳಿಗೆ ಸಿಕ್ಕಿದ್ದು ಹೆಚ್ಚು ಕಠಿಣ ಪಝಲ್. ಅವರ ಪಕ್ಕ ಕೂತು “ಅಂಚು ನೋಡು, ತಿರುಗಿಸು” ಎಂದು ಹೆತ್ತವರು ಹೆಚ್ಚು ಮಾತಾಡುತ್ತಿದ್ದರು. ಆಡಿದ್ದು ಇಬ್ಬರೂ, ಜೊತೆ ಹೆಚ್ಚು ಸಿಕ್ಕಿದ್ದು ಒಬ್ಬರಿಗೆ.

ನೀವು ಏನು ಮಾಡಬಹುದು?

• ದುಬಾರಿ ಕಿಟ್ ಬೇಕಿಲ್ಲ. ಬೆಂಕಿಕಡ್ಡಿ, ಸ್ಟ್ರಾ, ಹಳೇ ಪೇಪರ್‌ನಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಅರವಿಂದ ಗುಪ್ತಾ ದಶಕಗಳಿಂದ ಕಲಿಸುತ್ತಿದ್ದಾರೆ. ಅವರ ವಿಡಿಯೊಗಳು ಉಚಿತ.
• ಮನೆಯಲ್ಲಿ ಅಳಗುಳಿ ಮಣೆ ಇದ್ದರೆ ಹೊರತೆಗೆಯಿರಿ. ಅದೂ ಲೆಕ್ಕದ ಆಟವೇ.
• ಮಿಕ್ಸಿ, ಸೈಕಲ್ ರಿಪೇರಿಗೆ ಮಗನನ್ನಷ್ಟೇ ಅಲ್ಲ, ಮಗಳನ್ನೂ ಕರೆಯಿರಿ.
• ಅವಳು ತಪ್ಪಾಗಿ ಜೋಡಿಸಿದರೆ ಕೈಯಿಂದ ಕಿತ್ತುಕೊಳ್ಳಬೇಡಿ. “ಯಾಕೆ ನಿಲ್ಲಲಿಲ್ಲ?” ಎಂದು ಕೇಳಿ, ಕಾಯಿರಿ.

ನಮ್ಮ ತೀರ್ಮಾನ

ಸಂದೇಶ ತಪ್ಪು. ಒಂದು ಆಟಿಕೆಯಿಂದ ಯಾರೂ ಎಂಜಿನಿಯರ್ ಆಗುವುದಿಲ್ಲ. ಆದರೆ “ಇದು ನಿನಗಲ್ಲ” ಎಂಬ ಮಾತನ್ನು ಆರರ ಹುಡುಗಿಯೂ ನಂಬುತ್ತಾಳೆ. ಅಂಥ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಈ ಲೇಖನ ಕಳಿಸಿ.